ಹೆಡ್‌ಲೈಟ್ ಬಿಚ್ಚಿ ಮುಚ್ಚಿದ ಮೇಲೆ ಒಳಗಿನ ಬೆಜೆಲ್ ಮೇಲೆ ಬಿಳಿ ಮಸುಕು: ಕಾರಣವೇನು, ಸರಿಹೋಗುತ್ತದೆಯೇ?

ಜಯನಗರ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಹ್ಯಾಚ್‌ಬ್ಯಾಕ್, ಪ್ರೊಜೆಕ್ಟರ್ (ಬಲ್ಬಿನ ಮುಂದೆ ದಪ್ಪ ಮಸೂರ) ಇರುವ ಹೆಡ್‌ಲೈಟ್. ಜೂನ್ ಮಳೆಯಲ್ಲಿ ಎಡಗಡೆಯ ದೀಪದೊಳಗೆ ಹನಿ ಕಟ್ಟತೊಡಗಿತು. ಪರಿಚಯದವರು ಹೇಳಿದ ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಮುಂದಿನ ಗಾಜು ಬಿಚ್ಚಿ, ಒಳಗೆಲ್ಲ ಒಣಗಿಸಿ, ಹೊಸದಾಗಿ ಸೀಲ್ ಮಾಡಿ ಮರುದಿನವೇ ಕೊಟ್ಟರು. ತಂದ ದಿನ ಒಳಗಿನ ಕ್ರೋಮ್ ಕನ್ನಡಿಯ ಹಾಗಿತ್ತು. ಎರಡನೆಯ ವಾರ ಅಂಚಿನಲ್ಲಿ ಸಣ್ಣ ಮಸುಕು ಕಂಡಿತು. ಈಗ ಎರಡು ತಿಂಗಳಾಗಿದೆ, ಪ್ರೊಜೆಕ್ಟರ್ ಸುತ್ತಲಿನ ಬೆಜೆಲ್, ಅಂದರೆ ಹೊಳೆಯುವ ಪ್ಲಾಸ್ಟಿಕ್ ಚೌಕಟ್ಟು, ಪೂರ್ತಿ ವಿಭೂತಿ ಬಳಿದಂತೆ ಕಾಣುತ್ತಿದೆ. ಬಲಗಡೆಯ ದೀಪವನ್ನು ಯಾರೂ ಮುಟ್ಟಿಲ್ಲ. ಅದು ಇಷ್ಟು ವರ್ಷಗಳ ಮೇಲೂ ಥಳಥಳಿಸುತ್ತಿದೆ.

ಕೇಳಲು ಹೋದರೆ ಗ್ಯಾರೇಜಿನವರು "ಹಳೆಯ ಗಾಡಿ, ಕ್ರೋಮ್‌ಗೆ ವಯಸ್ಸಾಗಿದೆ" ಎಂದು ಕೈತೊಳೆದುಕೊಂಡರು. ಹೊಸ ದೀಪದ ಬೆಲೆ ಕೇಳಿ ಎದೆ ಧಸಕ್ಕೆಂದಿತು. ರಾತ್ರಿ ಬೆಳಕಿಗೇನೂ ಕೊರತೆಯಿಲ್ಲ. ಆದರೆ ಗಾಡಿಯ ಮುಖ ನೋಡಿದರೆ ಒಂದು ಕಣ್ಣಿಗೆ ಪೊರೆ ಬಂದಂತಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಪಾಲಿಶ್ ಮಾಡಿದರೆ ಹೋಗುತ್ತದೆಯೇ?

ಹಳೇಗಾಡಿ ಪ್ರೇಮಿ

ಕ್ರೋಮ್ ಸ್ಪ್ರೇ ಡಬ್ಬಿಗಳು ಸಿಗುತ್ತವೆ. ನನ್ನ ಬೈಕಿನ ಕನ್ನಡಿಯ ಹಿಂಭಾಗಕ್ಕೆ ಹೊಡೆದಿದ್ದೇನೆ, ಚೆನ್ನಾಗಿ ಬಂದಿದೆ. ದೀಪ ಬಿಚ್ಚಿ, ಉಪ್ಪುಕಾಗದದಲ್ಲಿ ನಯವಾಗಿ ಉಜ್ಜಿ, ಎರಡು ಕೋಟ್ ಹೊಡೆಯಿರಿ.

ನಿರ್ವಾತ

ಜಯನಗರದವರೇ, ದಯವಿಟ್ಟು ಪಾಲಿಶ್ ಬೇಡ, ಉಪ್ಪುಕಾಗದವೂ ಬೇಡ. ನಾನು ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ನಿರ್ವಾತ ಲೇಪನದ ಕೆಲಸ ಮಾಡಿದವನು. ಇಂಥ ಬೆಜೆಲ್‌ಗಳನ್ನು ಸಾವಿರಗಟ್ಟಲೆ ಕೈಯಲ್ಲಿ ಹಿಡಿದಿದ್ದೇನೆ. ಮೊದಲು ಮೂರು ವಿಷಯ ತಿಳಿಸಿ.

ಗಾಡಿ ವಾಪಸು ಬಂದ ದಿನ ದೀಪದ ಹತ್ತಿರ ಏನಾದರೂ ವಾಸನೆ ಇತ್ತೇ? ಮಸುಕು ಮೊದಲು ಎಲ್ಲಿ ಕಾಣಿಸಿತು, ಬಲ್ಬಿನ ಪಕ್ಕದಲ್ಲೋ ಸೀಲ್ ಹಾಕಿದ ಅಂಚಿನ ಕಡೆಯೋ? ಮುಂದಿನ ಗಾಜಿನ ಒಳಮೈಯಲ್ಲೂ ಮಸುಕು ಇದೆಯೇ, ಅಥವಾ ಗಾಜು ತಿಳಿಯಾಗಿದ್ದು ಬೆಜೆಲ್ ಮಾತ್ರ ಬೆಳ್ಳಗಾಗಿದೆಯೇ? ಹಿಂದಿನ ರಬ್ಬರ್ ಮುಚ್ಚಳ ತೆಗೆದು, ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ.

ಜಯನಗರ ಸವಾರ

ನೀವು ಕೇಳಿದ ಮೇಲೆ ನೆನಪಾಯಿತು ಸರ್. ಮೊದಲ ನಾಲ್ಕೈದು ದಿನ ಬಾನೆಟ್ ತೆರೆದರೆ ಉಪ್ಪಿನಕಾಯಿ ಕೆಟ್ಟಂತೆ ಹುಳಿ ವಾಸನೆ ಬರುತ್ತಿತ್ತು. ಬ್ಯಾಟರಿಯದಿರಬಹುದು ಎಂದುಕೊಂಡಿದ್ದೆ.

ಟಾರ್ಚ್ ಹಿಡಿದು ನೋಡಿದೆ. ಗಾಜು ತಿಳಿಯಾಗಿದೆ. ಮಸುಕು ಸೀಲ್ ಅಂಚಿನ ಉದ್ದಕ್ಕೂ ದಟ್ಟವಾಗಿದೆ, ಪ್ರೊಜೆಕ್ಟರ್ ಕಡೆ ಬರುತ್ತಾ ತೆಳುವಾಗುತ್ತದೆ. ಹತ್ತಿರದಿಂದ ನೋಡಿದರೆ ಅದು ಒಂದೇ ಸಮನಾದ ಮಸುಕಲ್ಲ. ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಒತ್ತೊತ್ತಾಗಿ ಕೂತಿವೆ. ಒಂದೆರಡು ಕಡೆ ಕ್ರೋಮ್ ಪೂರ್ತಿ ಹೋಗಿ ಕೆಳಗಿನ ಬೂದು ಪ್ಲಾಸ್ಟಿಕ್ ಇಣುಕುತ್ತಿದೆ.

ಇನ್ನೊಂದು ವಿಷಯ: ಹಿಂದಿನ ರಬ್ಬರ್ ಮುಚ್ಚಳದ ಒಂದು ಬದಿ ಮಡಚಿಕೊಂಡಿತ್ತು. ಏಪ್ರಿಲ್‌ನಲ್ಲಿ ಬಲ್ಬ್ ಬದಲಾಯಿಸಿದ್ದೆ, ಆಗಿನಿಂದ ಹಾಗೇ ಇದ್ದಿರಬೇಕು.

ನಿರ್ವಾತ

ನೀವು ಕೊಟ್ಟ ವಿವರದಲ್ಲಿ ಎರಡು ಪ್ರಶ್ನೆಗಳಿಗೂ ಉತ್ತರವಿದೆ. ಜೂನ್‌ನಲ್ಲಿ ನೀರು ಬಂದದ್ದು ಬಹುಮಟ್ಟಿಗೆ ಆ ಮಡಚಿದ ಮುಚ್ಚಳದಿಂದ. ಕಾರ್ಖಾನೆಯ ಸೀಲ್ ಕೆಟ್ಟಿರಲಿಕ್ಕಿಲ್ಲ. ಬೆಜೆಲ್ ಹಾಳಾದದ್ದು ಹೊಸ ಸೀಲಂಟ್‌ನಿಂದ. ಹುಳಿ ವಾಸನೆಯೇ ಸಾಕ್ಷಿ.

ಸಿಲಿಕೋನ್ ಸೀಲಂಟ್‌ನಲ್ಲಿ ಮುಖ್ಯವಾಗಿ ಎರಡು ಬಗೆ: ಒಣಗುವಾಗ ಆಮ್ಲ ಬಿಡುವುದು, ಬಿಡದಿರುವುದು. ಸ್ನಾನದ ಮನೆ, ಮೀನಿನ ತೊಟ್ಟಿಗೆ ಬಳಸುವ ಅಗ್ಗದ ಬಗೆ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ವಿನೆಗರ್‌ನಲ್ಲಿರುವುದು ಅದೇ ಆಮ್ಲ. ಬಯಲಿನಲ್ಲಾದರೆ ಗಾಳಿಗೆ ಹೋಗುತ್ತದೆ, ಯಾರಿಗೂ ಹಾನಿಯಿಲ್ಲ. ಮುಚ್ಚಿದ ದೀಪದೊಳಗೆ ಅದು ಎಲ್ಲಿಗೆ ಹೋಗಬೇಕು? ನಿಮ್ಮ ದೀಪವನ್ನು ಮರುದಿನವೇ ಮುಚ್ಚಿ ಕೊಟ್ಟರು. ದಪ್ಪ ಸಿಲಿಕೋನ್ ಒಳಗಿನವರೆಗೆ ಒಣಗಲು ದಿನಗಳೇ ಬೇಕು. ಅಷ್ಟೂ ದಿನ ಆಮ್ಲದ ಆವಿ, ಜೊತೆಗೆ ಮಳೆಗಾಲದ ತೇವ, ದೀಪ ಉರಿದಾಗ ಕಾವು: ಮೂರೂ ಸೇರಿ ಲೋಹವನ್ನು ತಿಂದಿವೆ.

ಆ ಲೋಹವೂ ಕ್ರೋಮ್ ಅಲ್ಲ. ಎಲ್ಲರೂ ಬಾಯಿಮಾತಿಗೆ ಕ್ರೋಮ್ ಎನ್ನುತ್ತೇವೆ, ಆದರೆ ಹೆಡ್‌ಲೈಟಿನ ಒಳಗೆ ಹೊಳೆಯುವುದು ಅಲ್ಯೂಮಿನಿಯಂ. ಕ್ರೋಮ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಮೂರರಲ್ಲಿ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಅಲ್ಯೂಮಿನಿಯಂ ಶೇ. 90ರ ಆಸುಪಾಸು. ಕೆಲಸ ನಡೆಯುವ ಬಗೆ ಹೀಗೆ: ಪ್ಲಾಸ್ಟಿಕ್ ಬೆಜೆಲ್‌ಗೆ ಅಗತ್ಯವಿದ್ದರೆ ಮೊದಲು ಲ್ಯಾಕರ್ ಎಂಬ ವಾರ್ನಿಶ್ ಹೊಡೆದು ಮೈಯನ್ನು ನುಣುಪು ಮಾಡುತ್ತಾರೆ. ಆಮೇಲೆ ಒಂದು ದೊಡ್ಡ ಉಕ್ಕಿನ ಕೋಣೆಯೊಳಗೆ ತೂಗುಹಾಕಿ, ಗಾಳಿಯನ್ನು ಹೊರಗಿನ ಒತ್ತಡದ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುವವರೆಗೆ ಎಳೆದು ತೆಗೆಯುತ್ತಾರೆ. ಟಂಗ್‌ಸ್ಟನ್ ತಂತಿಯ ಸುರುಳಿಗಳಿಗೆ ಅಲ್ಯೂಮಿನಿಯಂ ತುಣುಕುಗಳನ್ನು ಸಿಕ್ಕಿಸಿರುತ್ತಾರೆ. ವಿದ್ಯುತ್ ಹರಿಸಿದಾಗ ತುಣುಕು ಕರಗಿ, ತಂತಿಗೆ ಮೆತ್ತಿಕೊಂಡು, ಆವಿಯಾಗಿ ಹಾರುತ್ತದೆ. ನೋಡುವ ಕಿಂಡಿಯಲ್ಲಿ ಕಣ್ಣಿಟ್ಟರೆ ಸುರುಳಿ ಬೆಳ್ಳಗೆ ಉರಿಯುವುದು ಕಾಣುತ್ತದೆ. ಕೆಲವೇ ಕ್ಷಣಗಳಲ್ಲಿ ಬೂದು ಪ್ಲಾಸ್ಟಿಕ್ ಕನ್ನಡಿಯಾಗಿರುತ್ತದೆ. ಇಷ್ಟು ವರ್ಷ ನೋಡಿದರೂ ನನಗೆ ಆ ಗಳಿಗೆ ಹಳತಾಗಲಿಲ್ಲ. ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನಲ್ಲಿ ನಡೆಸುವ 2.34 ಮೀಟರ್ ವೇಣು ಬಾಪು ದೂರದರ್ಶಕದ ಕನ್ನಡಿಗೂ ಅಲ್ಯೂಮಿನಿಯಂ ಕೂರಿಸುವುದು ಇದೇ ನಿರ್ವಾತದ ತತ್ತ್ವದಿಂದ.

ಹಾಗೆ ಕೂತ ಲೋಹದ ದಪ್ಪ ಸುಮಾರು 100 ನ್ಯಾನೋಮೀಟರ್, ತಲೆಗೂದಲಿನ ದಪ್ಪದ ಏಳುನೂರರಲ್ಲಿ ಒಂದು ಪಾಲಿನಷ್ಟು. ಪಾಲಿಶ್ ಎಂದರೆ ಮೇಲಿನ ಪದರವನ್ನು ಸ್ವಲ್ಪ ತೆಗೆದು ಹೊಳಪು ತರುವುದು. ಇಲ್ಲಿ ತೆಗೆಯಲು ಇನ್ನೊಂದು ಪದರವೇ ಇಲ್ಲ. ಬಟ್ಟೆ ಎರಡು ಸಲ ಗಟ್ಟಿಯಾಗಿ ಓಡಾಡಿದರೆ ಪ್ಲಾಸ್ಟಿಕ್ಕೇ ಕಾಣುತ್ತದೆ. ಕಾಪಾಡಲೆಂದು ಲೋಹದ ಮೇಲೆ ಸಿಲಿಕಾನ್ ಮೂಲದ ಒಂದು ಪಾರದರ್ಶಕ ಪೊರೆಯನ್ನು ಅದೇ ಕೋಣೆಯಲ್ಲಿ ಪ್ಲಾಸ್ಮಾದಿಂದ ಕೂರಿಸಿರುತ್ತಾರೆ. ಅದೂ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ಚೂಪು ಅಂಚುಗಳಲ್ಲಿ, ಮಡಿಕೆಗಳಲ್ಲಿ ಅದು ಇನ್ನೂ ತೆಳು. ನಿಮಗೆ ಕಂಡ ಸೂಜಿಮೊನೆ ಚುಕ್ಕೆಗಳು ಆ ಪೊರೆಯಲ್ಲಿನ ಸಣ್ಣ ತೂತುಗಳಿಂದ ಆಮ್ಲ ಒಳಗಿಳಿದ ಜಾಗಗಳು. ವಯಸ್ಸಿನಿಂದ ಹೀಗಾಗುವುದಾಗಿದ್ದರೆ ಬಲಗಡೆಯದೂ ಜೊತೆಯಲ್ಲೇ ಮಸುಕಾಗಬೇಕಿತ್ತು.

ಪ್ರೇಮಿಯವರೇ, ನಿಮ್ಮ ಸಲಹೆ ಒಳ್ಳೆಯ ಮನಸ್ಸಿನದು, ಆದರೆ ಜಾಗ ಬೇರೆ. ಡಬ್ಬಿಯ ಕ್ರೋಮ್ ಎಂದರೆ ರಾಳದಲ್ಲಿ ಕಲಸಿದ ಲೋಹದ ಚೂರುಗಳು. ಬೆಳ್ಳಿ ಬಣ್ಣ ಬರುತ್ತದೆ, ಕನ್ನಡಿ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ದೀಪದ ಕಾವಿಗೆ ಆ ಬಣ್ಣ ತಿಂಗಳುಗಟ್ಟಲೆ ಆವಿ ಬಿಡಬಹುದು. ಆ ಆವಿ ಮುಂದಿನ ಗಾಜಿನ ಒಳಮೈಗೆ ಜಿಡ್ಡಾಗಿ ಕೂರುತ್ತದೆ. ನಾವು ಗಾಜು ಎನ್ನುವುದು ನಿಜಕ್ಕೂ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಣ್ಣದಲ್ಲಿನ ಕೆಲವು ದ್ರಾವಕಗಳು ಅದಕ್ಕೆ ತಗುಲಿದರೆ ಕೂದಲೆಳೆ ಬಿರುಕುಗಳೂ ಬರುತ್ತವೆ.

ಹಳೇಗಾಡಿ ಪ್ರೇಮಿ

ತಿಳಿಸಿದ್ದಕ್ಕೆ ಧನ್ಯವಾದ. ಬೈಕಿನ ಕನ್ನಡಿ ಬಯಲಿನಲ್ಲಿರುವುದರಿಂದ ನನಗೆ ಈ ತೊಂದರೆ ಗೊತ್ತಾಗಲಿಲ್ಲ. ನನ್ನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಯಲಹಂಕ ದಾರಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಕಾರಿನ ಬೆಜೆಲ್ ಮೇಲೆ ಬಿಳಿ ಮಸುಕಿಲ್ಲ, ಕಡಲೆಕಾಳಿನಷ್ಟು ಕಂದು ಕಲೆಯಿದೆ. ಪ್ಲಾಸ್ಟಿಕ್ ಅಲ್ಲಿ ಸ್ವಲ್ಪ ಉಬ್ಬಿದೆ. ದೀಪವನ್ನು ಯಾರೂ ಬಿಚ್ಚಿಲ್ಲ. ಬಲ್ಬೂ ಕಂಪನಿಯದೇ.

ನಿರ್ವಾತ

ಗಾಡಿಯನ್ನು ದಿನವೂ ಒಂದೇ ಕಡೆ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸುತ್ತೀರಾ? ಪ್ರೊಜೆಕ್ಟರಿನ ದಪ್ಪ ಮಸೂರ ಬೆಳಕನ್ನು ಹೊರಗೆ ಕಳುಹಿಸುವ ಹಾಗೆಯೇ ಬಿಸಿಲನ್ನು ಒಳಗೂ ಒಟ್ಟುಗೂಡಿಸುತ್ತದೆ. ಚಿಕ್ಕಂದಿನಲ್ಲಿ ಭೂತಗನ್ನಡಿಯಿಂದ ಕಾಗದ ಸುಟ್ಟಂತೆಯೇ ಇದು. ಸೂರ್ಯ ತಗ್ಗಿನಲ್ಲಿರುವ ಬೆಳಗಿನ, ಸಂಜೆಯ ಹೊತ್ತಿನಲ್ಲಿ ಹೆಚ್ಚು. ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಇಲ್ಲವೇ ಮುಂಭಾಗಕ್ಕೆ ಹೊದಿಕೆ ಹಾಕಿ. ಉಬ್ಬಿದ ಪ್ಲಾಸ್ಟಿಕ್ಕಿಗೆ ಮರುಲೇಪನ ಮಾಡಿಸಿದರೂ ಉಬ್ಬು ಕನ್ನಡಿಯಲ್ಲಿ ಎದ್ದು ಕಾಣುತ್ತದೆ.

ಯಲಹಂಕ ದಾರಿ

ಹೌದು, ಅಪಾರ್ಟ್‌ಮೆಂಟಿನಲ್ಲಿ ನನಗೆ ಕೊಟ್ಟ ಜಾಗ ಪೂರ್ವಕ್ಕೆ ಮುಖವಾಗಿ ಬಯಲಿನಲ್ಲಿದೆ. ಇಂದಿನಿಂದಲೇ ಹಿಮ್ಮುಖವಾಗಿ ನಿಲ್ಲಿಸುತ್ತೇನೆ.

ಜಯನಗರ ಸವಾರ

ಸರ್, ಕಾರಣ ತಿಳಿದು ಅರ್ಧ ನೆಮ್ಮದಿಯಾಯಿತು. ಹಾಗಾದರೆ ಇದೇ ಬೆಜೆಲ್‌ಗೆ ಮತ್ತೆ ಲೇಪನ ಮಾಡಿಸಬಹುದೇ? ಸುರಕ್ಷತೆಗೆ ತೊಂದರೆಯಾಗುವುದಿಲ್ಲವೇ?

ನಿರ್ವಾತ

ಬೆಜೆಲ್‌ಗೆ ಧಾರಾಳವಾಗಿ ಮಾಡಿಸಬಹುದು. ಅದು ಅಲಂಕಾರದ ಭಾಗ. ಬಲ್ಬು, ತಂತಿ, ಕೀಲುಗಳನ್ನು ಮರೆಮಾಡಿ ದೀಪಕ್ಕೆ ಅಂದ ಕೊಡುವುದಷ್ಟೇ ಅದರ ಕೆಲಸ. ರಸ್ತೆಗೆ ಬೀಳುವ ಬೆಳಕು ಪ್ರೊಜೆಕ್ಟರ್ ಒಳಗಿನ ಪ್ರತಿಫಲಕದಿಂದ ಬರುತ್ತದೆ, ಅದನ್ನು ಮುಟ್ಟಬೇಡಿ. ಪ್ರೊಜೆಕ್ಟರ್ ಇಲ್ಲದ ದೀಪಗಳಲ್ಲಿ ಬಲ್ಬಿನ ಹಿಂದಿನ ಬಟ್ಟಲೇ ಪ್ರತಿಫಲಕ. ಅದರ ಮೈಯ ವಕ್ರತೆ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ಲ್ಯಾಕರ್ ಒಂದು ಕಡೆ ದಪ್ಪವಾಗಿ ನಿಂತರೂ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಬಟ್ಟಲು ಹಾಳಾಗಿದ್ದರೆ ದೀಪವನ್ನೇ ಬದಲಿಸಿ ಎಂದು ನಾನು ಹೇಳುತ್ತಿದ್ದೆ, ಎಷ್ಟೇ ಖರ್ಚಾಗಲಿ.

ಈಗ ಬಿಚ್ಚುವ ಮಾತು. ಕಾರ್ಖಾನೆಯ ಬ್ಯೂಟೈಲ್ ಅಂಟು ಕಾವಿಗೆ ಮೆತ್ತಗಾಗುತ್ತದೆ. ಒಣಗಿದ ಸಿಲಿಕೋನ್ ಮೆತ್ತಗಾಗುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು. ಕಾವು ಏರಿಸುತ್ತಾ ಹೋದರೆ ದೀಪದ ಪೆಟ್ಟಿಗೆ ಸೊಟ್ಟಗಾಗುತ್ತದೆ. ತೆಳು ಅಲಗಿನಿಂದ ಬಾಯಿ ಬಿಡಿಸಿ, ಗಾಳದ ನೈಲಾನ್ ದಾರವನ್ನು ಗರಗಸದಂತೆ ಎಳೆಯಿರಿ. ಒಂದು ಸಂಜೆ ಪೂರ್ತಿ ಹಿಡಿಯಬಹುದು, ಅವಸರ ಬೇಡ.

ಬೆಜೆಲ್ ಹೊರಬಂದ ಮೇಲೆ ಅದರ ಬೆನ್ನು ನೋಡಿ. ಯಾವ ಪ್ಲಾಸ್ಟಿಕ್ ಎಂದು ಅಚ್ಚಿನಲ್ಲೇ ಬರೆದಿರುತ್ತಾರೆ. ಲ್ಯಾಕರ್ ಎಷ್ಟು ಕಾವಿನಲ್ಲಿ ಬೇಯಿಸಬಹುದು ಎಂಬುದು ಅದರ ಮೇಲೆ ನಿಂತಿದೆ. ಪಾಲಿಕಾರ್ಬೊನೇಟ್ ಸುಮಾರು 147 ಡಿಗ್ರಿಯವರೆಗೆ ಗಟ್ಟಿಯಾಗಿರುತ್ತದೆ, ಎ.ಬಿ.ಎಸ್. ಎಂಬ ಇನ್ನೊಂದು ಪ್ಲಾಸ್ಟಿಕ್ 100ರ ಆಸುಪಾಸಿನಲ್ಲೇ ಸೋಲುತ್ತದೆ. ಲೇಪನದವರಿಗೆ ಪ್ಲಾಸ್ಟಿಕ್ಕಿನ ಹೆಸರು ಹೇಳಿ. ಇಲ್ಲಿ ಸಿಲಿಕೋನ್ ಬಳಸಿದ್ದರು ಎಂಬುದನ್ನೂ ಮುಚ್ಚಿಡದೆ ಹೇಳಿ. ಅದರ ಜಿಡ್ಡು ಸಾಸಿವೆಯಷ್ಟು ಉಳಿದರೂ ಲ್ಯಾಕರ್ ಅಲ್ಲಿ ನಿಲ್ಲದೆ ಗುಂಡಗೆ ಹಿಂದೆ ಸರಿಯುತ್ತದೆ. ತೊಳೆದ ಮೇಲೆ ಬೆಜೆಲ್ ಮೇಲೆ ನೀರು ಸುರಿದು ನೋಡಿ. ನೀರು ಹಾಳೆಯಂತೆ ಹರಡಿ ನಿಂತರೆ ಶುದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿರಬಹುದು. ಕೊನೆಯ ಸಲ ತೊಳೆಯಲು ಬೋರ್‌ವೆಲ್ ನೀರು ಬೇಡ, ಸುಣ್ಣದ ಕಲೆ ನಿಲ್ಲುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು ಸಾಕು.

ಮೇಲಿನ ರಕ್ಷಣಾ ಪೊರೆ ಹಾಕುತ್ತೀರಾ ಎಂದು ಖಂಡಿತ ಕೇಳಿ. ಬೊಂಬೆ, ಬಹುಮಾನದ ಕಪ್ಪುಗಳಿಗೆ ಲೇಪನ ಮಾಡುವ ಕಡೆ ಬಣ್ಣದ ಲ್ಯಾಕರ್ ಹೊಡೆದು ಕಳುಹಿಸುತ್ತಾರೆ, ಅದು ದೀಪದ ಕಾವಿಗೆ ಹಳದಿಯಾಗಬಹುದು. ನಮ್ಮಲ್ಲಿ ಪರೀಕ್ಷೆ ಸರಳವಾಗಿತ್ತು. ಜೊತೆಯಲ್ಲೇ ಲೇಪಿಸಿದ ಒಂದು ಚೂರಿನ ಮೇಲೆ ಶೇ. 1ರ ಕಾಸ್ಟಿಕ್ ಸೋಡಾ ದ್ರಾವಣದ ಹನಿ ಇಟ್ಟು ಕೆಲವು ನಿಮಿಷ ಕಾಯುವುದು. ಪೊರೆ ಸರಿಯಿದ್ದರೆ ಹನಿಯ ಕೆಳಗೆ ಕನ್ನಡಿ ಹಾಗೇ ಇರುತ್ತದೆ. ಇಲ್ಲದಿದ್ದರೆ ಅಲ್ಯೂಮಿನಿಯಂ ಕರಗಿ, ಹನಿಯ ಆಕಾರದಲ್ಲೇ ಒಂದು ಕಿಟಕಿ ತೆರೆದುಕೊಳ್ಳುತ್ತದೆ. ಆಮ್ಲಕ್ಕೂ ಕ್ಷಾರಕ್ಕೂ ಎರಡಕ್ಕೂ ಸೋಲುವ ಲೋಹ ಇದು.

ಜಯನಗರ ಸವಾರ

ಐದು ವಾರದ ನಂತರ ಬರೆಯುತ್ತಿದ್ದೇನೆ. ದಾರ ಎಳೆದು ಬಿಚ್ಚಲು ಎರಡು ಸಂಜೆ ಹಿಡಿಯಿತು. ಬೆನ್ನ ಮೇಲೆ ಪಾಲಿಕಾರ್ಬೊನೇಟ್ ಎಂದೇ ಇತ್ತು. ಪೀಣ್ಯದಲ್ಲಿ ಮೂರು ಕಡೆ ಕೇಳಿದೆ. ಇಬ್ಬರು ಒಂದೇ ಬೆಜೆಲ್ ಎಂದ ಕೂಡಲೇ ಆಗುವುದಿಲ್ಲ ಎಂದರು. ಮೂರನೆಯವರು, ಬೇರೆ ಕೆಲಸದ ಜೊತೆ ತೂಗುಹಾಕುತ್ತೇವೆ, ಎರಡು ವಾರ ಕಾಯಿರಿ ಎಂದರು. ಪೊರೆಯ ಬಗ್ಗೆ ಕೇಳಿದಾಗ ಅವರೇ ಒಂದು ಚೂರಿನ ಮೇಲೆ ಹನಿ ಇಟ್ಟು ತೋರಿಸಿದರು. ಒರೆಸಿದ ಮೇಲೆ ಹನಿ ಇದ್ದ ಜಾಗ ಯಾವುದೆಂದು ಹುಡುಕಬೇಕಾಯಿತು.

ಬೆಜೆಲ್ ಬಂದ ಮೇಲೆ ನೋಡಿದರೆ ಓರೆಯಾಗಿ ಹಿಡಿದಾಗ ಮಾತ್ರ ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ ಸಣ್ಣ ಬಣ್ಣದ ಛಾಯೆ ಕಾಣುತ್ತದೆ. ಇದು ದೋಷವೇ? ಜೆ.ಸಿ. ರಸ್ತೆಯಲ್ಲಿ ಬ್ಯೂಟೈಲ್ ಸುರುಳಿ ಸಿಕ್ಕಿದೆ, ಇನ್ನೂ ಮುಚ್ಚಿಲ್ಲ.

ನಿರ್ವಾತ

ದೋಷವಲ್ಲ. ರಕ್ಷಣಾ ಪೊರೆ ತುಸು ದಪ್ಪವಾಗಿ ಕೂತಿದೆ. ಪೊರೆಯ ಮೇಲ್ಮೈಯಿಂದ ಮರಳಿದ ಬೆಳಕೂ ಲೋಹದಿಂದ ಮರಳಿದ ಬೆಳಕೂ ಸೇರಿದಾಗ ಬಣ್ಣ ಹುಟ್ಟುತ್ತದೆ. ಕಾರ್ಖಾನೆಯಲ್ಲಾದರೆ ತಿರಸ್ಕರಿಸುತ್ತಿದ್ದರು, ನಿಮ್ಮ ಬಳಕೆಗೆ ಅದು ಒಳ್ಳೆಯದೇ.

ಹಳೆಯ ಸಿಲಿಕೋನ್ ದೀಪದ ಅಂಚಿನಲ್ಲಿ ಸ್ವಲ್ಪವೂ ಉಳಿಯದಂತೆ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬ್ಯೂಟೈಲ್ ಹಿಡಿಯುವುದಿಲ್ಲ. ಬೆಜೆಲ್ಲನ್ನು ಅಂಚಿನಲ್ಲೇ ಹಿಡಿಯಿರಿ, ಬೆರಳಚ್ಚು ಬಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ. ಕೈಗೆ ಹತ್ತಿಯ ಕವಚ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಮುಚ್ಚುವ ಕೆಲಸಕ್ಕೆ ಮಳೆಯಿಲ್ಲದ, ಒಣ ಬಿಸಿಲಿನ ಮಧ್ಯಾಹ್ನ ಆರಿಸಿಕೊಳ್ಳಿ. ಒಳಗಿನ ಗಾಳಿಯಲ್ಲಿ ತೇವ ಕಡಿಮೆಯಿರುತ್ತದೆ.

ಜಯನಗರ ಸವಾರ

ಭಾನುವಾರ ಮಧ್ಯಾಹ್ನ ಮುಚ್ಚಿದೆ. ರಬ್ಬರ್ ಮುಚ್ಚಳದ ಸುತ್ತ ಬೆರಳಾಡಿಸಿ, ಎಲ್ಲೂ ಮಡಿಕೆಯಿಲ್ಲ ಎಂದು ಎರಡು ಸಲ ನೋಡಿದೆ. ನಿನ್ನೆ ರಾತ್ರಿ ಸುರಿದ ಮಳೆಯ ನಂತರ ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದರೆ ಒಳಗೆ ಒಂದು ಹನಿಯೂ ಇಲ್ಲ, ಬೆಜೆಲ್‌ನಲ್ಲಿ ನನ್ನ ಮುಖ ಕಾಣುತ್ತಿದೆ.