ಡೊಮೇನ್ ಕೊಂಡು ಮಾರೋ ವ್ಯಾಪಾರ: ಕಾಸು ಮಾಡಿದವರು, ಕೈ ಸುಟ್ಟುಕೊಂಡವರು ಸ್ವಲ್ಪ ಹೇಳಿ

ಹೊಸಬ:
ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿದ ಮೇಲೆ ದಿನಕ್ಕೆ ಒಂದು ಗಂಟೆ ಬಿಡುವು ಸಿಗುತ್ತದೆ. ಡೊಮೇನ್ ಹೆಸರುಗಳನ್ನು, ಅಂದರೆ ವೆಬ್‌ಸೈಟ್ ವಿಳಾಸಗಳನ್ನು, ಕಡಿಮೆಗೆ ಕೊಂಡು ಜಾಸ್ತಿಗೆ ಮಾರುವ ವ್ಯಾಪಾರಕ್ಕೆ ಇಳಿಯೋಣ ಅಂತಿದ್ದೇನೆ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು ಅಂತ ಓದಿದೆ. ಅಷ್ಟೆಲ್ಲ ಆಸೆ ಇಲ್ಲ ಬಿಡಿ. 40 ಹೆಸರಿನ ಪಟ್ಟಿ ರೆಡಿ ಇದೆ, 500 ಡಾಲರ್ ತೆಗೆದಿಟ್ಟಿದ್ದೇನೆ. ಒಂದೇ ಸಲ ಕೊಂಡುಬಿಡಲಾ? ಮಾಡಿ ನೋಡಿದವರು ಹೇಳಿ.

ಸುಟ್ಟ ಕೈ:
ಬೇಡ. ಮೊದಲು ನನ್ನ ಕಥೆ ಕೇಳಿ.

2021ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಅಂತ ಬದಲಿಸಿತಲ್ಲ, ಆ ರಾತ್ರಿ ನಾನು ಮಲಗಲಿಲ್ಲ. ಮೆಟಾ ಅನ್ನೋ ಪದಕ್ಕೆ ಬಾಯಿಗೆ ಬಂದದ್ದನ್ನೆಲ್ಲ ಅಂಟಿಸಿ ಹುಡುಕಿದೆ. ಮದುವೆ, ಚಪ್ಪಲಿ, ಹಲ್ಲಿನ ಡಾಕ್ಟರು. ಸ್ಮಶಾನವನ್ನೂ ಬಿಡಲಿಲ್ಲ. ವಾರದೊಳಗೆ 140 ಹೆಸರು ಕೊಂಡೆ. ವರ್ಷ ಕಳೆದರೂ ಒಬ್ಬರೂ ಬೆಲೆ ಕೇಳಲಿಲ್ಲ. ಮುಂದಿನ ಅಕ್ಟೋಬರ್ ಹತ್ತಿರ ಬಂದಾಗ ರಿನ್ಯೂವಲ್ ಮೇಲ್‌ಗಳು ಶುರುವಾದವು, ದಿನಕ್ಕೆ ಹತ್ತು ಹದಿನೈದು. ಪ್ರತಿ ವರ್ಷ ಬಾಡಿಗೆ ಕಟ್ಟಬೇಕಾದ 140 ಖಾಲಿ ಕೋಣೆಗಳನ್ನು ಮೈಮೇಲೆ ಎಳೆದುಕೊಂಡಿದ್ದೆ ಅಂತ ಆಗ ತಲೆಗೆ ಹೊಳೆಯಿತು. ಮನಸ್ಸು ತಡೆಯದೆ 30 ಹೆಸರು ರಿನ್ಯೂ ಮಾಡಿದೆ. ಆ ದುಡ್ಡೂ ನೀರಿಗೆ ಹಾಕಿದಂತಾಯಿತು.

ಈ ವ್ಯಾಪಾರದವರು ಸಾಮಾನ್ಯವಾಗಿ ಹೇಳೋ ಲೆಕ್ಕ ಏನೆಂದರೆ, ಕೈಯಲ್ಲಿರೋ ಹೆಸರುಗಳಲ್ಲಿ ವರ್ಷಕ್ಕೆ ನೂರಕ್ಕೆ ಒಂದೋ ಎರಡೋ ಮಾರಾಟವಾಗುತ್ತವೆ. ಅದೂ ಹೆಸರು ಚೆನ್ನಾಗಿದ್ದರೆ. 200 ಡಾಟ್ ಕಾಮ್ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ತಲಾ 11 ಡಾಲರ್ ಹಿಡಿದರೂ ವರ್ಷಕ್ಕೆ 2,200 ಡಾಲರ್ ಖರ್ಚು. ಸಾವಿರ ಡಾಲರಿನಂತೆ ಎರಡು ಹೋದವು, ಹೆಸರು ಮಾರಿಕೊಡೋ ಸೈಟಿನವರು ಐದನೇ ಒಂದು ಭಾಗ ಕಮಿಷನ್ ಹಿಡಿದರು. ಕೈಗೆ ಬಂದದ್ದು 1,600. ಅಂದರೆ 600 ಲಾಸು. ಮೂರನೆಯದು ಹೋದರೆ 200 ಉಳಿಯುತ್ತದೆ, ಅಷ್ಟೇ. ನಿಮ್ಮ ಹತ್ತಿರ ಇರೋದು 40 ಹೆಸರು. ಎರಡು ವರ್ಷ ಒಂದೂ ಮಾರಾಟವಾಗದೆ ಇದ್ದರೆ ಗಾಬರಿ ಆಗಬೇಕಿಲ್ಲ, ಲೆಕ್ಕವೇ ಹಾಗಿದೆ. ಆ ಎರಡು ವರ್ಷದ ರಿನ್ಯೂವಲ್‌ಗೆ ದುಡ್ಡು ಎಲ್ಲಿದೆ ಅನ್ನೋದು ಪ್ರಶ್ನೆ.

ನಿಧಾನವೇ ಸರಿ:
ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ಒಂಬತ್ತು ವರ್ಷದಿಂದ ಮಾಡ್ತಾ ಇದ್ದೇನೆ. 70 ಹೆಸರು ದಾಟಲು ಬಿಟ್ಟಿಲ್ಲ. ಹೊಸದೊಂದು ಬಂದರೆ ಹಳೆಯದೊಂದು ಹೋಗಬೇಕು.

ಕೊಳ್ಳುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ. ಕಾಗದ ತಗೊಂಡು, ಈ ಹೆಸರನ್ನು ಕೊಳ್ಳಬಹುದಾದ ಹತ್ತು ಕಂಪನಿಗಳ ಹೆಸರು ಬರೆಯುತ್ತೇನೆ. "ಯಾರಾದರೂ ಸ್ಟಾರ್ಟಪ್‌ನವರು" ಅಂತ ಬರೆಯೋ ಹಾಗಿಲ್ಲ. ಈಗ ನಡೀತಾ ಇರೋ, ವೆಬ್‌ಸೈಟ್ ಇರೋ, ಜಾಹೀರಾತಿಗೆ ದುಡ್ಡು ಹಾಕ್ತಾ ಇರೋ ಕಂಪನಿ ಆಗಿರಬೇಕು. ಅದೇ ಪದಗಳನ್ನು ಡಾಟ್ ನೆಟ್‌ನಲ್ಲೋ, ಹೈಫನ್ ಹಾಕಿಯೋ, ಮುಂದೆ "ಗೆಟ್" ಅಂಟಿಸಿಯೋ ಇಟ್ಟುಕೊಂಡವರು ಸಿಕ್ಕರೆ ಇನ್ನೂ ಒಳ್ಳೆಯದು. ನಾಲ್ಕಕ್ಕೇ ಪೆನ್ನು ನಿಂತರೆ ಆ ಹೆಸರು ಬಿಟ್ಟುಬಿಡುತ್ತೇನೆ. ಹೆಸರು ಎಷ್ಟೇ ಚಂದ ಇರಲಿ. ಚಂದ ಅನ್ನೋದು ನಮ್ಮ ಕಿವಿಗೆ ಮಾತ್ರ, ಅಲ್ವಾ?

ಇನ್ನೊಂದು, ಹೆಸರನ್ನು ಫೋನಿನಲ್ಲಿ ಯಾರಿಗಾದರೂ ಹೇಳಿ ನೋಡಿ. "ಎರಡು ಎಸ್ಸಾ? ಕೊನೆಗೆ ಝಡ್ಡಾ?" ಅಂತ ತಿರುಗಿ ಕೇಳಿದರೆ ಅದೂ ಬೇಡ.

ಬೆಲೆ ವಿಷಯದಲ್ಲಿ ನಾನು ಬುದ್ಧಿ ಕಲಿತದ್ದು ಒಂದೇ ಒಂದು ಮೇಲ್‌ನಿಂದ. ಶನಿವಾರ ರಾತ್ರಿ ಬಂತು. ಒಂದೇ ಸಾಲು: ಈ ಹೆಸರು ಮಾರಾಟಕ್ಕಿದೆಯಾ? ಸಹಿ ಇಲ್ಲ, ಕಂಪನಿ ಹೆಸರಿಲ್ಲ, ಜಿಮೇಲ್ ವಿಳಾಸ. ಯಾರೋ ವಿದ್ಯಾರ್ಥಿ ಇರಬೇಕು ಅಂದುಕೊಂಡು, ಖುಷಿಯಲ್ಲಿ 250 ಡಾಲರ್ ಅಂದೆ. ಹತ್ತು ನಿಮಿಷದಲ್ಲಿ "ಆಯಿತು" ಅಂತ ಉತ್ತರ ಬಂತು. ಹತ್ತೇ ನಿಮಿಷ! ಒಂದು ಪೈಸೆ ಚೌಕಾಸಿ ಇಲ್ಲ. ಆಗಲೇ ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು. ಆರು ತಿಂಗಳಾದ ಮೇಲೆ ನೋಡಿದರೆ ಆ ಹೆಸರಿನಲ್ಲಿ ಭರ್ಜರಿ ಸೈಟು, ನಲವತ್ತು ಜನರ ತಂಡದ ಫೋಟೋ. ಈಗ ಪ್ರತಿ ಹೆಸರಿಗೂ ಮೊದಲೇ ಬೆಲೆ ಬರೆದಿಟ್ಟಿದ್ದೇನೆ. ಸೆಡೋ, ಆಫ್ಟರ್ನಿಕ್ ತರಹದ ಮಾರಾಟದ ಸೈಟುಗಳಲ್ಲಿ ಆ ಬೆಲೆ ಹಾಕಿಯೇ ಪಟ್ಟಿ ಮಾಡುತ್ತೇನೆ. ನೇಮ್‌ಬಯೋದಲ್ಲಿ ಹಳೆಯ ಮಾರಾಟದ ಬೆಲೆಗಳು ಸಿಗುತ್ತವೆ. ಸುಮ್ನೆ ಊಹೆ ಮಾಡುವ ಬದಲು ಅದನ್ನು ನೋಡಿ.

ನೋಟಿಸ್ ಬಂದವನು:
ಟ್ರೇಡ್‌ಮಾರ್ಕ್ ಬಗ್ಗೆ ಯಾರೂ ಹೇಳಿಲ್ಲವಲ್ಲ. ನಾನು ಒಂದು ದೊಡ್ಡ ಬ್ರ್ಯಾಂಡಿನ ಹೆಸರಿಗೆ "ರಿಪೇರಿ" ಅನ್ನೋ ಪದ ಸೇರಿಸಿ ಕೊಂಡಿದ್ದೆ. ಖಾಲಿ ಇತ್ತು, ಕೊಟ್ಟರು. ಖಾಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ನಮ್ಮದು ಅಂತ ಅರ್ಥ ಅಲ್ಲ. ವಕೀಲರಿಂದ ಪತ್ರ ಬಂತು. ನಾನು ಜಾಣನ ಹಾಗೆ "2,000 ಡಾಲರ್ ಕೊಡಿ, ತಗೊಳ್ಳಿ" ಅಂತ ಬರೆದೆ. ಆ ಒಂದು ಸಾಲನ್ನೇ ಅವರು ನನ್ನ ವಿರುದ್ಧ ಸಾಕ್ಷಿ ಮಾಡಿಕೊಂಡರು.

ಡೊಮೇನ್ ಹೆಸರಿನ ಜಗಳ ತೀರಿಸಲು 1999ರಿಂದ ಯುಡಿಆರ್‌ಪಿ ಅಂತ ಒಂದು ನಿಯಮ ಇದೆ. ದೂರು ಕೊಟ್ಟವರು ಮೂರು ವಿಷಯ ತೋರಿಸಬೇಕು: ಹೆಸರು ಅವರ ಟ್ರೇಡ್‌ಮಾರ್ಕಿಗೆ ಗೊಂದಲ ಆಗುವಷ್ಟು ಹತ್ತಿರ ಇದೆ, ನನಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಕೊಂಡು ಬಳಸಿದ್ದೇನೆ. ಬ್ರ್ಯಾಂಡಿನವರಿಗೇ ಖರ್ಚಿಗಿಂತ ಜಾಸ್ತಿ ಬೆಲೆಗೆ ಮಾರೋ ಉದ್ದೇಶಕ್ಕೆ ಕೊಂಡಿದ್ದರೆ ಅದೇ ಕೆಟ್ಟ ಉದ್ದೇಶಕ್ಕೆ ಪುರಾವೆ ಅಂತ ನಿಯಮದಲ್ಲೇ ಬರೆದಿದೆ. ನಾನು ಅದನ್ನು ಕೈಯಾರೆ ಬರೆದು ಕಳಿಸಿದ್ದೆ! ಹೆಸರು ಹೋಯಿತು, ಒಂದು ಡಾಲರೂ ಬರಲಿಲ್ಲ. ಅಮೆರಿಕದ ಕಾನೂನಿನ ಕೆಳಗೆ ಅವರು ಕೋರ್ಟಿಗೆ ಹೋಗಿದ್ದರೆ ಒಂದು ಹೆಸರಿಗೆ 1 ಲಕ್ಷ ಡಾಲರ್ ತನಕ ದಂಡ ಬೀಳಬಹುದಿತ್ತು. ಅಲ್ಲಿಗೆ ನಾನು ಬಚಾವ್.

ಹೊಸಬ:
ಅಯ್ಯೋ, ನನ್ನ ಪಟ್ಟಿಯಲ್ಲಿ ಅಂಥವು 11 ಇವೆ. ಅಳಿಸಿದೆ. ಹತ್ತು ಕಂಪನಿ ಬರೆಯೋ ಕೆಲಸವನ್ನೂ ನಿನ್ನೆ ರಾತ್ರಿ ಕೂತು ಮಾಡಿದೆ. ಹೆಚ್ಚಿನವಕ್ಕೆ ಮೂರರ ಮೇಲೆ ಏಳಲಿಲ್ಲ. ಹೊಸದಾಗಿ ನೋಂದಾಯಿಸುವ ಬದಲು ಅವಧಿ ಮುಗಿದ ಹಳೆಯ ಹೆಸರು ಹಿಡಿಯೋದು ಹೇಗೆ? ಒಂದರ ಅವಧಿ ಮೊನ್ನೆ ಮುಗಿದಿದೆ, ದಿನಾ ನೋಡ್ತಾ ಇದ್ದೇನೆ. ಇನ್ನೂ ಬಿಟ್ಟಿಲ್ಲ.

ರಾತ್ರಿ ಗೂಬೆ:
ನಾನು ಮಾಡೋದು ಅದನ್ನೇ. ದಿನಾ ನೋಡಿದರೆ ಪ್ರಯೋಜನ ಇಲ್ಲ. ಡಾಟ್ ಕಾಮ್‌ನ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡೋ ಕಂಪನಿ) ಕೈಯಲ್ಲಿ 45 ದಿನದ ತನಕ ಇರಬಹುದು. ಆಮೇಲೆ 30 ದಿನ ರಿಡೆಂಪ್ಶನ್, ಆಗ ಹಳೆಯ ಮಾಲೀಕ ದಂಡ ಕಟ್ಟಿ ವಾಪಸ್ ಪಡೆಯಬಹುದು. ಕೊನೆಗೆ 5 ದಿನ ಯಾರೂ ಮುಟ್ಟೋ ಹಾಗಿಲ್ಲ. ಅದಾದ ಮೇಲೆಯೇ ಬೀಳೋದು. ಬಿದ್ದ ಸೆಕೆಂಡಿಗೇ ಹಿಡಿಯಲು ಕಂಪನಿಗಳು ಯಂತ್ರ ಹಚ್ಚಿ ಕೂತಿರುತ್ತವೆ. ನಮ್ಮ ಬೆರಳು ಅಷ್ಟು ಬೇಗ ಓಡೋದಿಲ್ಲ. ಬ್ಯಾಕ್‌ಆರ್ಡರ್ ಹಾಕಬೇಕು, ಅಂದರೆ ಬಿದ್ದ ಕೂಡಲೇ ನಮಗೆ ಹಿಡಿದುಕೊಡಿ ಅಂತ ಆ ಕಂಪನಿಗಳಿಗೆ ಮೊದಲೇ ಹೇಳಿಡಬೇಕು. ಆದರೆ ಒಳ್ಳೆಯ ಹೆಸರು ಅಲ್ಲಿಯ ತನಕ ಬರೋದೇ ಅಪರೂಪ. ಆ ಮೊದಲ 45 ದಿನದೊಳಗೇ ಎಷ್ಟೋ ರಿಜಿಸ್ಟ್ರಾರ್‌ಗಳು ಹರಾಜಿಗೆ ಇಡುತ್ತಾರೆ. ನೀವು ಕಾಯ್ತಾ ಇರೋ ಹೆಸರು ಈಗಾಗಲೇ ಹರಾಜಿನಲ್ಲಿದೆಯಾ ನೋಡಿ.

ಹರಾಜಿನಲ್ಲಿ ಕೂಗುವ ಮೊದಲು ವೇಬ್ಯಾಕ್ ಮಷೀನ್‌ನಲ್ಲಿ ಆ ಸೈಟಿನ ಹಳೆಯ ಪುಟ ತೆರೆಯಿರಿ. ನಾನೊಂದು 12 ವರ್ಷ ಹಳೆಯ ಹೆಸರನ್ನು 300 ಡಾಲರಿಗೆ ಹಿಡಿದೆ. ವಯಸ್ಸು ನೋಡಿ ಮರುಳಾಗಿದ್ದೆ. ಆಮೇಲೆ ತೆರೆದು ನೋಡಿದರೆ ಕೊನೆಯ ಮೂರು ವರ್ಷ ಪೂರ್ತಿ ಜೂಜಿನ ಸ್ಪ್ಯಾಮ್. ಕೊಳ್ಳಲು ಬಂದವನೂ ಅದೇ ಪುಟ ತೆರೆದು ನೋಡಿ ಮಾತು ನಿಲ್ಲಿಸಿದ.

ಸುಟ್ಟ ಕೈ:
ನಡುವೆ ಬಂದೆ, ಕ್ಷಮಿಸಿ. ಹೊಸ ಎಕ್ಸ್‌ಟೆನ್ಷನ್‌ಗಳನ್ನು, ಅಂದರೆ ಡಾಟ್ ಕಾಮ್ ಜಾಗದಲ್ಲಿ ಬರೋ ಹೊಸ ಬಾಲಗಳನ್ನು, ಮೊದಲ ವರ್ಷ ಎರಡು ಮೂರು ಡಾಲರಿಗೆ ಕೊಡುತ್ತಾರೆ. ರಿನ್ಯೂವಲ್ ಬೆಲೆ ಅದರ ಹತ್ತು ಪಟ್ಟೂ ಇರಬಹುದು. ಬುಟ್ಟಿಗೆ ಹಾಕುವ ಮೊದಲು ಆ ಸಣ್ಣ ಅಕ್ಷರ ಓದಿ. ನಾನು ಓದಿರಲಿಲ್ಲ.

ನಿಧಾನವೇ ಸರಿ:
ಮಾರುವಾಗಿನ ಒಂದು ಮೋಸ ಹೇಳಿ ಮುಗಿಸುತ್ತೇನೆ. ಹೊಸಬರಿಗೆ ಖಂಡಿತ ಬರುತ್ತದೆ. "ನಿಮ್ಮ ಹೆಸರಿಗೆ 8,000 ಡಾಲರ್ ಕೊಡುತ್ತೇನೆ, ಆದರೆ ಇಂಥ ಕಡೆಯಿಂದ ಮೌಲ್ಯಮಾಪನದ ಸರ್ಟಿಫಿಕೇಟ್ ತನ್ನಿ" ಅಂತ ಮೇಲ್ ಬರುತ್ತದೆ. ಸರ್ಟಿಫಿಕೇಟಿಗೆ ನೂರೋ ಇನ್ನೂರೋ ಡಾಲರ್. ಕಟ್ಟಿದ ಮೇಲೆ ಕೊಳ್ಳುವವನು ಮಾಯ. ಸರ್ಟಿಫಿಕೇಟ್ ಮಾರುವವನೂ ಅವನೇ.

ನಿಜವಾಗಿ ಕೊಳ್ಳುವವರು ಎಸ್ಕ್ರೋ (ನಡುವೆ ದುಡ್ಡು ಹಿಡಿದಿಡೋ ಮೂರನೆಯವರು) ಅಂದರೆ ಬೇಡ ಅನ್ನೋದಿಲ್ಲ. ಅವರು ದುಡ್ಡನ್ನು ಎಸ್ಕ್ರೋದಲ್ಲಿ ಇಡುತ್ತಾರೆ, ನೀವು ಹೆಸರು ವರ್ಗಾಯಿಸುತ್ತೀರಿ, ಹೆಸರು ಸಿಕ್ಕಿತು ಅಂತ ಅವರು ಒಪ್ಪಿದ ಮೇಲೆ ದುಡ್ಡು ನಿಮಗೆ. ದುಡ್ಡು ಜಮೆಯಾದದ್ದನ್ನು ಎಸ್ಕ್ರೋ ಸೈಟಿಗೆ ನೀವೇ ಲಾಗಿನ್ ಆಗಿ ನೋಡುವ ತನಕ ಟ್ರಾನ್ಸ್‌ಫರ್ ಕೋಡ್ ಯಾರಿಗೂ ಕೊಡಬೇಡಿ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಹೊಸದಾಗಿ ಕೊಂಡ ಹೆಸರನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಆಗೋದಿಲ್ಲ. ಕೊಳ್ಳುವವರು ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆದರೆ ಒಳಗಿಂದೊಳಗೇ ಹೆಚ್ಚಾಗಿ ಬೇಗ ಮುಗಿಯುತ್ತದೆ. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಜಗಳ ಬೇಡ.

ಹೊಸಬ:
ತುಂಬಾ ಥ್ಯಾಂಕ್ಸ್. ನಾನು ಕಾಯ್ತಾ ಇದ್ದ ಹೆಸರು ಹರಾಜಿನಲ್ಲೇ ಇತ್ತು, 900 ಡಾಲರ್ ದಾಟಿದೆ. ಕೈಬಿಟ್ಟೆ. ನನ್ನ 40ರ ಪಟ್ಟಿಯಲ್ಲಿ ಈಗ ಉಳಿದದ್ದು 6.

ರಾತ್ರಿ ಗೂಬೆ:
ಆ ಆರರಲ್ಲಿ ಹೈಫನ್ ಇರೋದು ಎಷ್ಟು?

ಹೊಸಬ:
ಎರಡು.

ರಾತ್ರಿ ಗೂಬೆ:
ಹಾಗಾದರೆ ನಾಲ್ಕು.