ನಿಮ್ಮ ಆಟಕ್ಕೆ ಯಾವ ರಾಕೆಟ್? ಕೊಡಗಿನ ಟೆನಿಸ್ ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಮಡಿಕೇರಿ): ಕೋಚ್ ಅಕ್ಕ, ನಮಸ್ಕಾರ. ವಯಸ್ಸು 34, ವಾರಕ್ಕೆ ಮೂರು ದಿನ ಬೆಳಿಗ್ಗೆ ಆಡುತ್ತೇನೆ. ಈಗಿರುವುದು 260 ಗ್ರಾಂ ತೂಕದ, 110 ಚದರ ಇಂಚಿನ ಹೆಡ್ (ಎಳೆ ಹೆಣೆದ ದುಂಡು ಭಾಗ) ಇರುವ ರಾಕೆಟ್. ಫೋರ್‌ಹ್ಯಾಂಡ್ ಜೋರಾಗಿ ಬೀಸಿದರೆ ಚೆಂಡು ಬೇಸ್‌ಲೈನ್ ದಾಟಿ ಹೋಗುತ್ತದೆ, ಕೈ ತಡೆದು ಹೊಡೆದರೆ ನೆಟ್‌ಗೆ ಬೀಳುತ್ತದೆ. ಅಂಗಡಿಯವರು ಬಾಬೊಲಾ ಪ್ಯೂರ್ ಡ್ರೈವ್ ತಗೊಳ್ಳಿ ಅಂತಾರೆ, ಗೆಳೆಯ ವಿಲ್ಸನ್ ಬ್ಲೇಡ್ ಅಂತಾನೆ. ಯಾವುದು ಸರಿ?

ಕೋಚ್: ನಮಸ್ಕಾರ ಸರ್. ಕಂಪನಿ ಹೆಸರು ಆಮೇಲೆ ನೋಡೋಣ. ಮೊದಲು ನೋಡಬೇಕಾದ್ದು ನಿಮ್ಮ ಬೀಸು ಎಷ್ಟು ಉದ್ದ ಮತ್ತು ತಪ್ಪಿದಾಗ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು. ಈ ಎರಡು ಗೊತ್ತಾದರೆ ರಾಕೆಟ್ ಆಯ್ಕೆ ಮುಕ್ಕಾಲು ಭಾಗ ಮುಗಿದಂತೆ.

ಹೆಡ್ ದೊಡ್ಡದಿದ್ದು, ಫ್ರೇಮ್ ದಪ್ಪವಾಗಿದ್ದು, ತೂಕ ಕಡಿಮೆ ಇರುವ ರಾಕೆಟ್ ಗಿಡ್ಡ ಬೀಸಿನವರಿಗಾಗಿ ಮಾಡಿದ್ದು. ಕೈ ಅರ್ಧ ಆಡಿಸಿದರೂ ಚೆಂಡು ಆ ಕಡೆ ಹೋಗಿ ಬೀಳಲಿ ಅಂತ ಶಕ್ತಿಯನ್ನು ಫ್ರೇಮೇ ಕೊಡುತ್ತದೆ. ನೀವು ಪೂರ್ತಿ ಬೀಸುತ್ತೀರಿ, ಹಾಗಾಗಿ ನಿಮ್ಮ ಶಕ್ತಿಯ ಮೇಲೆ ಅದರ ಶಕ್ತಿಯೂ ಸೇರುತ್ತದೆ. ಔಟ್ ಹೋಗುವ ಭಯಕ್ಕೆ ಕೈ ತಡೆಯುತ್ತೀರಿ, ತಡೆದ ಕೈಯಲ್ಲಿ ಟಾಪ್‌ಸ್ಪಿನ್ (ಚೆಂಡನ್ನು ಕೆಳಕ್ಕೆ ಇಳಿಸುವ ಮುಂದಿನ ತಿರುಗು) ಹುಟ್ಟುವುದಿಲ್ಲ, ಚೆಂಡು ನೆಟ್‌ಗೆ ಬೀಳುತ್ತದೆ. ಇದರಲ್ಲಿ ನಿಮ್ಮ ಫೋರ್‌ಹ್ಯಾಂಡ್ ತಪ್ಪೇನೂ ಇಲ್ಲ.

ಹೆಸರು ಬಂದಿರುವ ಎರಡೂ ರಾಕೆಟ್ ಒಳ್ಳೆಯವೇ. ಪ್ಯೂರ್ ಡ್ರೈವ್ 100 ಚದರ ಇಂಚು, 300 ಗ್ರಾಂ, ಫ್ರೇಮಿನ ದಪ್ಪ 23ರಿಂದ 26 ಮಿ.ಮೀ. ಬಿರುಸು ಫ್ರೇಮ್, ಪುಕ್ಕಟೆ ವೇಗ ಕೊಡುತ್ತದೆ. ಬ್ಲೇಡ್ 98 ತೂಕದಲ್ಲಿ 305 ಗ್ರಾಂ, ಫ್ರೇಮ್ ತೆಳು, ಹೆಚ್ಚು ಬಾಗುತ್ತದೆ. ವೇಗ ನೀವೇ ಹುಟ್ಟಿಸಬೇಕು, ಆದರೆ ಚೆಂಡು ಹೇಳಿದ ಕಡೆ ಹೋಗುತ್ತದೆ. ನಿಮ್ಮ ತೊಂದರೆ ಔಟ್ ಹೋಗುವುದು, ಆದ್ದರಿಂದ ನಿಮ್ಮ ಗೆಳೆಯ ತೋರಿಸಿದ ದಿಕ್ಕೇ ಸರಿ. ಆದರೆ 260ರಿಂದ 305ಕ್ಕೆ ಒಮ್ಮೆಲೇ ಹಾರಬೇಡಿ. ಎರಡನೇ ಸೆಟ್ಟಿನಲ್ಲಿ ಕೈ ತಡವಾಗುತ್ತದೆ, ಬ್ಯಾಕ್‌ಹ್ಯಾಂಡ್ ಹೊಡೆತ ದೇಹದ ಹಿಂದೆ ಬೀಳಲು ಶುರುವಾಗುತ್ತದೆ. 100 ಚದರ ಇಂಚು, 285ರಿಂದ 300 ಗ್ರಾಂ, 16×19 ಹೆಣಿಗೆ (ಉದ್ದಕ್ಕೆ 16, ಅಡ್ಡಕ್ಕೆ 19 ಎಳೆ), ಫ್ರೇಮ್ 23 ಮಿ.ಮೀ. ಒಳಗೆ ಇರುವುದನ್ನು ನೋಡಿ. ಹೆಡ್ ಕಂಪನಿಯ ಸ್ಪೀಡ್ ಎಂಪಿ ಈ ಲೆಕ್ಕಕ್ಕೆ ಕೂರುತ್ತದೆ. ಗಮನದಲ್ಲಿರಲಿ, ಕಂಪನಿ ಹೇಳುವ ತೂಕ ಸಾಮಾನ್ಯವಾಗಿ ಗಟ್ (ರಾಕೆಟ್ಟಿನ ಎಳೆ) ಇಲ್ಲದ್ದು. ಗಟ್ ಹಾಕಿದರೆ 15ರಿಂದ 17 ಗ್ರಾಂ, ಓವರ್‌ಗ್ರಿಪ್ (ಹಿಡಿಯ ಮೇಲಿನ ತೆಳು ಪಟ್ಟಿ) ಸುತ್ತಿದರೆ ಇನ್ನೊಂದು 5 ಗ್ರಾಂ ಸೇರುತ್ತದೆ.

ಇನ್ನೊಂದು, ನಮ್ಮ ಊರಿನದ್ದೇ ಮಾತು. ಮಡಿಕೇರಿ 1,100 ಮೀಟರ್ ಆಸುಪಾಸಿನ ಎತ್ತರದಲ್ಲಿದೆ. ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ, ಚೆಂಡನ್ನು ತಡೆಯುವ ಗಾಳಿಯೂ ಅಷ್ಟೇ ಕಡಿಮೆ. ಅದೇ ಹೊಡೆತ ಮಂಗಳೂರಿನಲ್ಲಿ ಒಳಗೆ ಬೀಳುತ್ತದೆ, ಇಲ್ಲಿ ಒಂದೆರಡು ಅಡಿ ಆಚೆ. 1,219 ಮೀಟರ್‌ಗಿಂತ ಮೇಲಿನ ಊರುಗಳಿಗೆ ಅಂತಾರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ನಿಯಮದಲ್ಲಿ ಬೇರೆ ಬಗೆಯ ಚೆಂಡೇ ಇದೆ. ನಾವು ಆ ಗೆರೆಯ ಸ್ವಲ್ಪ ಕೆಳಗಿದ್ದೇವೆ. ಆದ್ದರಿಂದ ಹೊಸ ರಾಕೆಟ್‌ಗೆ ದುಡ್ಡು ಹಾಕುವ ಮುಂಚೆ ಈಗಿನದ್ದಕ್ಕೇ 3 ಪೌಂಡ್ ಬಿಗಿಯಾಗಿ ಗಟ್ಟಿಂಗ್ (ಎಳೆ ಹೆಣೆಯುವುದು) ಮಾಡಿಸಿ ಎರಡು ವಾರ ಆಡಿ. ಅರ್ಧ ತೊಂದರೆ ಅಲ್ಲೇ ಹೋದರೂ ಹೋಗಬಹುದು.

ಖರೀದಿಗೆ ಮುಂಚೆ ಯಾರದ್ದಾದರೂ ರಾಕೆಟ್ ಕೇಳಿ ಪಡೆದು ಒಂದು ಗಂಟೆ ಪೂರ್ತಿ ಆಡಿ. ಮೊದಲ ಹತ್ತು ನಿಮಿಷ ಎಲ್ಲ ರಾಕೆಟ್ಟೂ ಚೆನ್ನಾಗಿಯೇ ಅನ್ನಿಸುತ್ತದೆ. ತೀರ್ಮಾನ ಮಾಡಬೇಕಾದ್ದು ಕೊನೆಯ ಹದಿನೈದು ನಿಮಿಷದಲ್ಲಿ, ಸುಸ್ತಾದ ಕೈಯಲ್ಲಿ 20 ಸರ್ವ್ ಹಾಕಿ ನೋಡಿ.

ಪ್ರಶ್ನೆ (ಗೋಣಿಕೊಪ್ಪ): ಆನ್‌ಲೈನ್‌ನಲ್ಲಿ ತರಿಸುವಾಗ ಗ್ರಿಪ್ ಸೈಜ್ ಎಲ್2, ಎಲ್3 ಅಂತ ಕೇಳುತ್ತದೆ. ಹೇಗೆ ಗೊತ್ತು ಮಾಡುವುದು?

ಕೋಚ್: ಎಲ್2 ಅಂದರೆ ಹಿಡಿಯ ಸುತ್ತಳತೆ ನಾಲ್ಕೂಕಾಲು ಇಂಚು, ಎಲ್3 ಅಂದರೆ 4 3/8 ಇಂಚು. ಒಂದೊಂದು ಸೈಜಿಗೂ ಇಂಚಿನ ಎಂಟನೇ ಒಂದು ಭಾಗದ ವ್ಯತ್ಯಾಸ. ಫೋರ್‌ಹ್ಯಾಂಡ್ ಹಿಡಿತದಲ್ಲಿ ರಾಕೆಟ್ ಹಿಡಿದು, ಬೆರಳ ತುದಿಗೂ ಅಂಗೈ ಉಬ್ಬಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಇಟ್ಟು ನೋಡಿ. ಸರಿಯಾಗಿ ಕೂತರೆ ಅದೇ ಸೈಜ್. ಬೆರಳು ಹಿಡಿಸದಿದ್ದರೆ ಹಿಡಿ ಸಣ್ಣದಾಯಿತು, ಜಾಗ ಮಿಕ್ಕರೆ ದೊಡ್ಡದು. ಎರಡರ ನಡುವೆ ಗೊಂದಲವಾದರೆ ಚಿಕ್ಕದ್ದನ್ನೇ ತಗೊಳ್ಳಿ. ಒಂದು ಓವರ್‌ಗ್ರಿಪ್ ಸುತ್ತಿದರೆ ಅರ್ಧ ಸೈಜ್ ಏರುತ್ತದೆ. ದೊಡ್ಡದನ್ನು ಚಿಕ್ಕದು ಮಾಡಲು ದಾರಿ ಇಲ್ಲವೆಂದೇ ತಿಳಿಯಿರಿ.

ಪ್ರಶ್ನೆ (ವಿರಾಜಪೇಟೆ): ನನಗೆ 52 ವರ್ಷ. ಬಿರುಸು ಫ್ರೇಮಿನ 300 ಗ್ರಾಂ ರಾಕೆಟ್, ಪಾಲಿ (ಪಾಲಿಯೆಸ್ಟರ್) ಗಟ್, ಬಿಗಿ 56 ಪೌಂಡ್. ಮೊಣಕೈಯ ಹೊರಭಾಗದಲ್ಲಿ ನೋವು, ಚೊಂಬು ಎತ್ತಿದರೂ ಗೊತ್ತಾಗುತ್ತದೆ. 250 ಗ್ರಾಮಿನ ಹಗುರ ರಾಕೆಟ್‌ಗೆ ಹೋಗಲೇ ಅಕ್ಕ?

ಕೋಚ್: ದಯವಿಟ್ಟು ಬೇಡ ಸರ್. ಇದು ತುಂಬಾ ಜನ ಮಾಡುವ ಕೆಲಸ, ನೋವು ಹೆಚ್ಚುವುದೂ ಇದರಿಂದಲೇ. ಎದುರಿನಿಂದ ಬರುವ ಚೆಂಡಿನ ಪೆಟ್ಟನ್ನು ಯಾರಾದರೂ ಒಬ್ಬರು ತಡೆಯಲೇಬೇಕು, ರಾಕೆಟ್ ಇಲ್ಲವೇ ಕೈ. ರಾಕೆಟ್‌ನಲ್ಲಿ ತೂಕ ಇಲ್ಲದಿದ್ದರೆ ಅದು ಕೈಯಲ್ಲಿ ತಿರುಚಿಕೊಳ್ಳುತ್ತದೆ, ಪೆಟ್ಟು ಪೂರ್ತಿ ಮೊಣಕೈಗೆ. ನಿಮಗೆ ಬೇಕಾದ್ದು 295ರಿಂದ 305 ಗ್ರಾಂ, ಹಿಡಿಯ ಕಡೆಗೆ ಭಾರ ಇರುವ, ಬಾಗುವ ಫ್ರೇಮ್. ಬಿರುಸನ್ನು ಆರ್‌ಎ ಅಂಕದಲ್ಲಿ ಹೇಳುತ್ತಾರೆ. 70ರ ಹತ್ತಿರ ಇದ್ದರೆ ಬಿರುಸು, 62ಕ್ಕಿಂತ ಕಡಿಮೆ ಇದ್ದರೆ ಕೈಗೆ ಹಿತ. ವಿಲ್ಸನ್ ಕ್ಲ್ಯಾಶ್ 100 ಈ ಮೆತ್ತನೆಯ ಬಗೆಯದ್ದು. ನೋವು ಇರುವಷ್ಟು ದಿನ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಚೊಂಬು ಎತ್ತಿದರೂ ನೋವು ಅಂದಮೇಲೆ ರಾಕೆಟ್ ಬದಲಿಸಿದ ಮಾತ್ರಕ್ಕೆ ವಾಸಿಯಾಗುವ ಹಂತ ದಾಟಿದೆ.

ಗಟ್ಟಿಂಗ್ ಮಾಡುವವರು: ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫ್ರೇಮಿಗಿಂತ ಮೊದಲು ಆ ಪಾಲಿಯನ್ನು ಕತ್ತರಿಸಿ ತೆಗೆಸಿ. ಪಾಲಿಯೆಸ್ಟರ್ ಬಿಗಿ ಕಳೆದುಕೊಂಡ ಮೇಲೂ ತುಂಡಾಗುವುದಿಲ್ಲ, ಅದೇ ಅಪಾಯ. ಹತ್ತು ಹದಿನೈದು ಗಂಟೆ ಆಡಿದ ಮೇಲೆ ಅದರ ಪುಟಿತ ಸತ್ತಿರುತ್ತದೆ. ತುಂಡಾಗಿಲ್ಲವಲ್ಲ ಅಂತ ವರ್ಷಗಟ್ಟಲೆ ಆಡುತ್ತಾರೆ. ಮಲ್ಟಿಫಿಲಮೆಂಟ್ (ಸಣ್ಣ ನೂಲುಗಳನ್ನು ಹೊಸೆದ ಮೆತ್ತನೆಯ ಗಟ್) 1.30 ಮಿ.ಮೀ., 50 ಪೌಂಡ್ ಹಾಕಿಸಿ. ಗಟ್‌ಗಳ ನಡುವೆ ಸಿಕ್ಕಿಸುವ ರಬ್ಬರ್ ಡ್ಯಾಂಪನರ್‌ನಿಂದ ಮೊಣಕೈ ಉಳಿಯುತ್ತದೆ ಅಂತ ನಂಬಬೇಡಿ, ಅದು ಟಣ್ ಅನ್ನುವ ಸದ್ದನ್ನು ಮಾತ್ರ ಅಡಗಿಸುತ್ತದೆ.

ಪ್ರಶ್ನೆ (ಸೋಮವಾರಪೇಟೆ): ನಾನು ಆಡುವುದು ಬರೀ ಡಬಲ್ಸ್. ಸರ್ವ್ ಚೆನ್ನಾಗಿದೆ, ನೆಟ್‌ಗೆ ಓಡುತ್ತೇನೆ. ನಮ್ಮ ರೋಹನ್ ಬೋಪಣ್ಣ ಅವರ ರಾಕೆಟ್ ಮಾಡೆಲ್ ಯಾವುದೋ ಅದನ್ನೇ ತಗೊಂಡರೆ ಹೇಗೆ?

ಕೋಚ್: ಅವರು 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದು, ಡಬಲ್ಸ್‌ನಲ್ಲಿ ಜಗತ್ತಿನ ನಂಬರ್ 1 ಆದವರು. ಕೊಡಗಿನ ಮಕ್ಕಳು ಅವರ ಸರ್ವ್ ನೋಡಿ ಕಲಿಯಬೇಕು, ಒಪ್ಪುತ್ತೇನೆ. ಆದರೆ ಆ ಮಟ್ಟದ ಆಟಗಾರರ ಫ್ರೇಮಿಗೆ ಅವರವರ ಅಳತೆಗೆ ತೂಕ ಸೇರಿಸಿರುತ್ತಾರೆ, ಅಂಗಡಿಯಲ್ಲಿ ಅದೇ ಬಣ್ಣದಲ್ಲಿ ಸಿಗುವುದು ಅದೇ ರಾಕೆಟ್ ಆಗಿರುವುದಿಲ್ಲ.

ನಿಮ್ಮ ಆಟಕ್ಕೆ ಎರಡು ಗುಣ ಬೇಕು. ವಾಲಿಯಲ್ಲಿ (ಚೆಂಡು ಪುಟಿಯುವ ಮುಂಚೆ ಹೊಡೆಯುವಾಗ) ರಾಕೆಟ್ ಅಲುಗಾಡಬಾರದು, ಹಾಗೇ ನೆಟ್ ಹತ್ತಿರ ತಟ್ಟನೆ ತಿರುಗಬೇಕು. ಭಾರ ಇದ್ದರೆ ಮೊದಲನೆಯದು ಸಿಗುತ್ತದೆ. ಆ ಭಾರ ತುದಿಯಲ್ಲಿರದೆ ಹಿಡಿಯ ಕಡೆ ಇದ್ದರೆ ಎರಡನೆಯದು ಸಿಗುತ್ತದೆ. 98ರಿಂದ 100 ಚದರ ಇಂಚು, ಗಟ್ ಇಲ್ಲದೆ 305 ಗ್ರಾಂ, ಬ್ಯಾಲೆನ್ಸ್ 310ರಿಂದ 320 ಮಿ.ಮೀ. ನೋಡಿ. ಬ್ಯಾಲೆನ್ಸ್ ಮನೆಯಲ್ಲೇ ಅಳೆಯಬಹುದು: ಸ್ಕೇಲಿನ ಅಂಚಿನ ಮೇಲೆ ರಾಕೆಟ್ ಅಡ್ಡ ಇಟ್ಟು, ಎರಡೂ ಕಡೆ ಸಮ ನಿಲ್ಲುವ ಜಾಗಕ್ಕೆ ಹಿಡಿಯ ಬುಡದಿಂದ ಟೇಪ್ ಹಿಡಿಯಿರಿ. ರಾಕೆಟ್ ಉದ್ದ 685 ಮಿ.ಮೀ., ನಡುಮಧ್ಯ 343. ಅದಕ್ಕಿಂತ ಕಡಿಮೆ ಬಂದರೆ ಭಾರ ಹಿಡಿಯ ಕಡೆಗಿದೆ. ಗಟ್ ಹಾಕಿದ ಮೇಲೆ ಈ ಅಳತೆ ಸುಮಾರು 10 ಮಿ.ಮೀ. ತುದಿಯ ಕಡೆಗೆ ಸರಿಯುತ್ತದೆ.

ಈಗಿನ ರಾಕೆಟ್ ವಾಲಿಯಲ್ಲಿ ತಿರುಚಿಕೊಳ್ಳುತ್ತಿದ್ದರೆ ಹೊಸದು ಬೇಕೇ ಆಗದು. ಗಡಿಯಾರದ 3 ಮತ್ತು 9 ಗಂಟೆಯ ಜಾಗದಲ್ಲಿ, ಫ್ರೇಮಿನ ಒಳಬದಿಗೆ ಸೀಸದ ಟೇಪ್ ತಲಾ 2 ಗ್ರಾಂ ಅಂಟಿಸಿ. 12 ಗಂಟೆಯ ಜಾಗಕ್ಕೆ ಹಾಕಬೇಡಿ. ತುದಿಯಲ್ಲಿ ಒಂದೇ ಗ್ರಾಂ ಹಾಕಿದರೂ ಸ್ವಿಂಗ್ ವೇಟ್ (ಬೀಸುವಾಗ ಕೈಗೆ ಅನ್ನಿಸುವ ಭಾರ) 3 ಅಂಕಕ್ಕಿಂತ ಹೆಚ್ಚು ಏರುತ್ತದೆ, ನೆಟ್ ಹತ್ತಿರ ಕೈ ನಿಧಾನವಾಗುತ್ತದೆ. ಟೇಪ್ ಅಂಟಿಸಿದ ಕೈ ಸೋಪಿನಲ್ಲಿ ತೊಳೆಯಿರಿ, ಸೀಸ ವಿಷ.

ಪ್ರಶ್ನೆ (ಮಡಿಕೇರಿ): ಅಣ್ಣ, ಮಳೆಗಾಲದಲ್ಲಿ ಗಟ್ ಬೇಗ ಸಡಿಲವಾಗುತ್ತದೆ. ನಮ್ಮ ಮಣ್ಣಿನ ಕೋರ್ಟಿಗೆ ಯಾವ ಗಟ್, ಎಷ್ಟು ಪೌಂಡ್? ಬ್ಯಾಡ್ಮಿಂಟನ್ ಗಟ್ಟಿಂಗ್ ಮಾಡುವ ಅಂಗಡಿಯಲ್ಲೇ ಹಾಕಿಸಬಹುದಾ?

ಗಟ್ಟಿಂಗ್ ಮಾಡುವವರು: ಕೊನೆಯದಕ್ಕೆ ಮೊದಲು ಉತ್ತರ. ಬ್ಯಾಡ್ಮಿಂಟನ್‌ಗೆ 20ರಿಂದ 30 ಪೌಂಡ್ ಎಳೆಯುತ್ತಾರೆ, ಟೆನಿಸ್‌ಗೆ 45ರಿಂದ 58. ಬ್ಯಾಡ್ಮಿಂಟನ್ ಮಷಿನ್ನಿನ ಕ್ಲಾಂಪ್, ಫ್ರೇಮ್ ಹಿಡಿಯುವ ಆಧಾರ ಎರಡೂ ಅಷ್ಟು ಬಿಗಿಗೆ ಮಾಡಿದ್ದಲ್ಲ. ಗಟ್ ಜಾರಿ ಒಂದೊಂದು ಎಳೆ ಒಂದೊಂದು ಬಿಗಿ ಬರುತ್ತದೆ, ಕೆಲವೊಮ್ಮೆ ಫ್ರೇಮೇ ಓರೆಯಾಗುತ್ತದೆ. ಮಷಿನ್ ಎರಡಕ್ಕೂ ಆಗುವಂಥದ್ದಾ ಅಂತ ಕೇಳಿ. ಅಡ್ಡ ಎಳೆಗಳನ್ನು ಮೇಲಿನಿಂದ ಕೆಳಗೆ ಹಾಕುತ್ತೀರಾ ಅಂತಲೂ ಕೇಳಿ. ಉದ್ದದ ಎಳೆ ಹೆಡ್‌ನ ಬುಡದಲ್ಲಿ ಮುಗಿಯುವ ರಾಕೆಟ್‌ಗೆ ಎರಡು ತುಂಡಿನಲ್ಲಿ ಗಟ್ಟಿಂಗ್ ಆಗಬೇಕು. ಒಂದೇ ತುಂಡಿನಲ್ಲಿ ಬುಡದಿಂದ ಮೇಲಕ್ಕೆ ಹಾಕಿದರೆ ಹೆಡ್ ಮೇಲೆ ಒತ್ತಡ ಬಿದ್ದು ಸೀಳಬಹುದು. ಉತ್ತರ ತೃಪ್ತಿ ಕೊಡದಿದ್ದರೆ ಮೈಸೂರಿಗೆ ಹೋಗುವವರ ಕೈಲಿ ಕಳಿಸುವುದೇ ವಾಸಿ.

ಗಟ್ ವಿಷಯ. ಮಣ್ಣಿನ ಕೋರ್ಟಿನಲ್ಲಿ ಚೆಂಡಿಗೆ ಅಂಟಿದ ಮರಳಿನ ಕಣ ಎಳೆಗಳ ನಡುವೆ ಸೇರಿ ಉಜ್ಜುತ್ತದೆ, ಎಳೆ ಕೂಡುವ ಜಾಗದಲ್ಲಿ ಗೀರು ಬೀಳುತ್ತದೆ. ನ್ಯಾಚುರಲ್ ಗಟ್ ದನದ ಕರುಳಿನದ್ದು, ಆಟಕ್ಕೆ ಅದರಷ್ಟು ಹಿತವಾದ್ದು ಇನ್ನೊಂದಿಲ್ಲ, ಆದರೆ ತೇವ ಕುಡಿದು ಎಳೆ ಬಿಚ್ಚಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದಕ್ಕೆ ದುಡ್ಡು ಹಾಕಬೇಡಿ. ವಾರಕ್ಕೆ ಎರಡು ಮೂರು ದಿನ ಆಡುವವರಿಗೆ ಸಿಂಥೆಟಿಕ್ ಗಟ್ 1.30 ಮಿ.ಮೀ. ಸಾಕು, ಬೆಲೆಯೂ ಕಡಿಮೆ. ಉದ್ದ ಬೀಸಿನ ಟಾಪ್‌ಸ್ಪಿನ್ ಆಟಗಾರರು, ಒಂದೇ ತಿಂಗಳಲ್ಲಿ ಗಟ್ ತುಂಡು ಮಾಡುವವರು, ಉದ್ದಕ್ಕೆ ಪಾಲಿ 1.25, ಅಡ್ಡಕ್ಕೆ ಸಿಂಥೆಟಿಕ್ ಹಾಕಿಸಿ. ಪೂರ್ತಿ ಪಾಲಿಯನ್ನು ಹವ್ಯಾಸಿ ಆಟಗಾರರಿಗೆ ನಾನು ಹೇಳುವುದಿಲ್ಲ.

ಬಿಗಿ ಎಷ್ಟು ಅಂತ ರಾಕೆಟ್‌ನ ಕೊರಳ ಹತ್ತಿರ ಬರೆದಿರುತ್ತದೆ, 50ರಿಂದ 59 ಅಂತ ಇದ್ದರೆ 54ರಿಂದ ಶುರು ಮಾಡಿ. ಚೆಂಡು ಔಟ್ ಹೋಗುತ್ತಿದ್ದರೆ 2 ಪೌಂಡ್ ಏರಿಸಿ, ಗಿಡ್ಡ ಬೀಳುತ್ತಿದ್ದರೆ 2 ಇಳಿಸಿ. ಪಾಲಿ ಆದರೆ ಮೊದಲೇ 3 ಅಥವಾ 4 ಪೌಂಡ್ ಕಡಿಮೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಗಟ್ಟೂ ಬದಲಿಸಿ, ಪೌಂಡೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಕುಶಾಲನಗರದವರು ಮಡಿಕೇರಿಯವರಿಗಿಂತ ತಗ್ಗಿನಲ್ಲಿದ್ದೀರಿ, ಒಂದು ಪೌಂಡ್ ಕಡಿಮೆ ಇದ್ದರೂ ನಡೆಯುತ್ತದೆ.

ಎಳೆ ತುಂಡಾದ ಕೂಡಲೇ ಉಳಿದ ಎಲ್ಲ ಎಳೆಯನ್ನೂ ನಡುವಿನಿಂದ ಹೊರಕ್ಕೆ ಕತ್ತರಿಸಿಬಿಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಇಟ್ಟು ವಾರಗಟ್ಟಲೆ ಬಿಟ್ಟರೆ ಫ್ರೇಮ್ ತಿರುಚುತ್ತದೆ. ಮತ್ತೆ, ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ ರಾಕೆಟ್ಟನ್ನು ಒಲೆಯ ಮೇಲೋ ಕೆಂಡದ ಹತ್ತಿರವೋ ತೂಗುಹಾಕಬೇಡಿ. ಬಿಸಿಗೆ ಗಟ್ ಸಡಿಲವಾಗುತ್ತದೆ. ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಕಡೆ ಇಡಿ. ಒದ್ದೆ ಓವರ್‌ಗ್ರಿಪ್ ಬಿಚ್ಚಿಡಿ, ಇಲ್ಲದಿದ್ದರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ (ಪೊನ್ನಂಪೇಟೆ): ಮಗಳಿಗೆ 8 ವರ್ಷ, ಎತ್ತರ 128 ಸೆಂ.ಮೀ. ಹೇಗೂ ಬೆಳೆಯುತ್ತಾಳೆ, 27 ಇಂಚಿನದ್ದೇ ಕೊಡಿಸಲೇ?

ಕೋಚ್: ಬೇಡ ಮೇಡಂ. ಯೂನಿಫಾರಂ ಆದರೆ ಎರಡಿಂಚು ದೊಡ್ಡದು ಹೊಲಿಸಬಹುದು, ರಾಕೆಟ್‌ಗೆ ಅದು ನಡೆಯುವುದಿಲ್ಲ. ಉದ್ದ ರಾಕೆಟ್ ಎತ್ತಲಾರದೆ ಮಗು ಹಿಡಿಯ ನಡುವೆ ಹಿಡಿಯುತ್ತದೆ, ಮಣಿಕಟ್ಟು ಬಗ್ಗಿಸಿ ಹೊಡೆಯುತ್ತದೆ. ಆ ಅಭ್ಯಾಸ ಬಿಡಿಸಲು ಆಮೇಲೆ ವರ್ಷ ಬೇಕು. ಅವಳಿಗೆ 25 ಇಂಚು ಸರಿ. ಸುಮಾರು 115ರಿಂದ 125 ಸೆಂ.ಮೀ. ಇರುವ ಮಕ್ಕಳಿಗೆ 23, 140 ದಾಟಿದವರಿಗೆ 26. ಚೆಂಡು ಕಿತ್ತಳೆ ಬಣ್ಣದ್ದು ಕೊಡಿಸಿ, ಮಾಮೂಲಿ ಚೆಂಡಿಗಿಂತ ಅರ್ಧದಷ್ಟು ನಿಧಾನ. ಪುಟಿದು ತಲೆಯ ಮೇಲೆ ಹೋಗದೆ ಸೊಂಟದ ಎತ್ತರಕ್ಕೆ ಬರುತ್ತದೆ.

ಪ್ರಶ್ನೆ (ಕುಶಾಲನಗರ): ಬೆಂಗಳೂರಿನಿಂದ ಒಬ್ಬರು ಹಳೆಯ ರಾಕೆಟ್ ಅರ್ಧ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ಏನೇನು ನೋಡಬೇಕು?

ಗಟ್ಟಿಂಗ್ ಮಾಡುವವರು: ಹೆಡ್‌ನ ತುದಿಯ ಪ್ಲಾಸ್ಟಿಕ್ ಪಟ್ಟಿ ಸವೆದಿರುವುದು ಸಹಜ, ಅದರ ಕೆಳಗೆ ಕಾರ್ಬನ್ ಕಪ್ಪಗೆ ಕಾಣುತ್ತಿದ್ದರೆ ಬೇಡ. ಉಗುರಿನಿಂದ ಫ್ರೇಮ್ ಸುತ್ತ ಸವರಿ. ಬಣ್ಣದ ಗೀರು ಉಗುರಿಗೆ ಸಿಗುವುದಿಲ್ಲ, ಬಿರುಕು ಸಿಗುತ್ತದೆ. 3 ಮತ್ತು 9 ಗಂಟೆಯ ಜಾಗ, ಕೊರಳು ಸೇರುವ ಜಾಗ ಚೆನ್ನಾಗಿ ನೋಡಿ. ಬೆರಳ ಗೆಣ್ಣಿನಿಂದ ಸುತ್ತ ತಟ್ಟುತ್ತ ಬನ್ನಿ, ಒಂದು ಕಡೆ ಮಾತ್ರ ಬುಸ್ ಅನ್ನುವ ಸತ್ತ ಸದ್ದು ಬಂದರೆ ಒಳಗೆ ಸೀಳಿದೆ. ಗ್ರೋಮೆಟ್ (ಎಳೆ ಹಾಯುವ ತೂತಿನ ಪ್ಲಾಸ್ಟಿಕ್ ಕೊಳವೆ) ಒಂದೆರಡು ಮುರಿದಿದ್ದರೆ ಬದಲಿಸಬಹುದು, ಆದರೆ ಆ ಮಾಡೆಲ್‌ನ ಗ್ರೋಮೆಟ್ ಸೆಟ್ ಇನ್ನೂ ಸಿಗುತ್ತದಾ ಅಂತ ಮೊದಲೇ ಕೇಳಿ. ಮುರಿದ ಗ್ರೋಮೆಟ್ ಹಾಗೇ ಬಿಟ್ಟರೆ ಫ್ರೇಮಿನ ತೂತಿನ ಅಂಚು ಗಟ್ಟನ್ನು ಕತ್ತರಿಸುತ್ತದೆ. ಹಳೇ ಗಟ್‌ನಲ್ಲಿ ಆಡಿ ನೋಡಿ ತೀರ್ಮಾನ ಮಾಡಬೇಡಿ. ಗಟ್ಟಿಂಗ್ ಖರ್ಚನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕೋಚ್: ತೂಕದ ತಕ್ಕಡಿಯಲ್ಲಿ ಇಟ್ಟ ಫೋಟೊ ಕಳಿಸಲು ಹೇಳಿ. ಹಳೆಯ ರಾಕೆಟ್‌ನ ಹಿಡಿಯೊಳಗೆ, ಗ್ರಿಪ್ ಕೆಳಗೆ ಸೀಸದ ಟೇಪ್ ಉಳಿದಿರುವುದುಂಟು. ಗಟ್ ಸಮೇತ 318 ಗ್ರಾಂ ಬರಬೇಕಾದ್ದು 335 ಬಂದರೆ ಗ್ರಿಪ್ ಬಿಚ್ಚಿಸಿ ನೋಡಿ.