‘ಫ್ರೀ’ 300 ಎಂಬಿ ಎಂದರೆ ರ್‍ಯಾಮ್ ಸಾಲದೆಂದೇ?

ಪ್ರಶ್ನೆ, ಶಿರಸಿಯಿಂದ:
ಅಡಿಕೆ ವಹಿವಾಟಿನ ಸಂಘವೊಂದರ ಲಿನಕ್ಸ್ ಸರ್ವರನ್ನು ನೋಡಿಕೊಳ್ಳುತ್ತಿದ್ದೇನೆ. 8 ಜಿಬಿ ರ್‍ಯಾಮ್ ಇದ್ದರೂ ಮೆಮೊರಿ ಬಳಕೆಯನ್ನು ತೋರಿಸುವ ‘ಫ್ರೀ’ ಕಮಾಂಡ್ ಕೊಟ್ಟರೆ ಖಾಲಿ ಇರುವುದು 300 ಎಂಬಿ ಮಾತ್ರ ಎಂದು ತೋರಿಸುತ್ತದೆ. ಟೆಂಡರಿನ ದಿನ ಮಧ್ಯಾಹ್ನ ಚಾಲಿ, ರಾಶಿ ಅಡಿಕೆಯ ಬಿಲ್ಲುಗಳು ನಿಧಾನವಾಗುವುದಕ್ಕೆ ಇದೇ ಕಾರಣವೆಂದು ಆಡಳಿತ ಮಂಡಳಿಯವರು ಹೊಸ ರ್‍ಯಾಮ್‌ಗೆ ಕೊಟೇಶನ್ ತರಿಸಿದ್ದಾರೆ. ಖರೀದಿಗೆ ಮೊದಲು ಏನನ್ನು ಪರೀಕ್ಷಿಸಬೇಕೆಂದು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಕಾರವಾರದಿಂದ:
ಆ ‘ಫ್ರೀ’ ಕಾಲಂ ನೋಡಿ ಗಾಬರಿಯಾಗಬೇಡಿ. ನಾನೂ ಅದೇ ತಪ್ಪು ಮಾಡಿದವನು. ಡಿಸ್ಕಿನಿಂದ ಒಮ್ಮೆ ಓದಿದ ಕಡತಗಳನ್ನು ಕರ್ನಲ್ (ಲಿನಕ್ಸಿನ ತಿರುಳು) ಬಿಡುವಿರುವ ಮೆಮೊರಿಯಲ್ಲಿ ಕ್ಯಾಶ್ ಆಗಿ ಇಟ್ಟುಕೊಂಡಿರುತ್ತದೆ, ಪ್ರೋಗ್ರಾಮುಗಳು ಕೇಳಿದಾಗ ಅದರಲ್ಲಿ ಬಹುಪಾಲನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ನೋಡಬೇಕಾದದ್ದು ಕೊನೆಯ ‘ಅವೈಲಬಲ್’ ಕಾಲಂ. 2014ರಲ್ಲಿ ಬಂದ 3.14ನೇ ಆವೃತ್ತಿಯಿಂದ ಈ ಅಂದಾಜನ್ನು ಕರ್ನಲ್ಲೇ ಲೆಕ್ಕ ಹಾಕಿ ಕೊಡುತ್ತಿದೆ. ಇದು ತಿಳಿಯದೆ ನಾನು ಗಂಟೆಗೊಮ್ಮೆ ಕ್ಯಾಶ್ ಖಾಲಿ ಮಾಡುವಂತೆ, ನಿಗದಿತ ವೇಳೆಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ಹಾಕಿಟ್ಟು, ‘ಫ್ರೀ’ ಅಂಕಿ ಏರಿದ್ದನ್ನು ಕಂಡು ಹಿಗ್ಗಿದ್ದೆ. ಅದುವರೆಗೆ ಮೂರು ಸೆಕೆಂಡಿನಲ್ಲಿ ತೆರೆದುಕೊಳ್ಳುತ್ತಿದ್ದ ತಿಂಗಳ ವರದಿ, ಎಲ್ಲವನ್ನೂ ಡಿಸ್ಕಿನಿಂದ ಹೊಸದಾಗಿ ಓದಬೇಕಾಗಿ ಬಂದದ್ದರಿಂದ, ಗುಮಾಸ್ತರು ಚಹಾ ಕುಡಿದು ಬಂದರೂ ತೆರೆದುಕೊಂಡಿರಲಿಲ್ಲ.

ನಿಧಾನವಾದ ಹೊತ್ತಿನಲ್ಲೇ ಮೆಮೊರಿ, ಡಿಸ್ಕಿನ ಸ್ಥಿತಿಯನ್ನು ಐದು ಸೆಕೆಂಡಿಗೊಮ್ಮೆ ತೋರಿಸುವ ‘ವಿಎಂಸ್ಟ್ಯಾಟ್ 5’ ಕಮಾಂಡ್ ಓಡಿಸಿ ಹತ್ತು ನಿಮಿಷ ಗಮನಿಸಿ. ಮೊದಲ ಸಾಲು ಬೂಟ್ ಆದಂದಿನಿಂದಿನ ಸರಾಸರಿಯಾದ್ದರಿಂದ ಅದನ್ನು ಬಿಡಿ. ‘ಎಸ್‌ಐ’, ‘ಎಸ್‌ಒ’ ಕಾಲಂಗಳು ಸೊನ್ನೆಯಲ್ಲೇ ನಿಂತಿದ್ದರೆ ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗಕ್ಕೆ) ಹೋಗಿಬರುವ ಓಡಾಟವಿಲ್ಲ ಎಂದರ್ಥ. ‘ಡಬ್ಲ್ಯುಎ’ ಏರಿದ್ದರೆ ಸಿಪಿಯು ಡಿಸ್ಕಿಗಾಗಿ ಕಾಯುತ್ತಿದೆ. ಕರ್ನಲ್ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಕಂಡರೆ ಮಾತ್ರ ವಿಷಯ ಬೇರೆ: ಆಗ ಮೆಮೊರಿ ಸಾಲದೆ ಕರ್ನಲ್ ಯಾವುದೋ ಪ್ರಾಸೆಸನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಕೊಂದಿರುತ್ತದೆ.

ಕುಮಟಾದಿಂದ:
ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ ಪ್ರಾಸೆಸುಗಳನ್ನು ತೋರಿಸುವ ‘ಪಿಎಸ್’ ಪಟ್ಟಿಯಲ್ಲಿ ಪ್ರತಿಯೊಂದೂ ರ್‍ಯಾಮಿನಲ್ಲಿ ಹಿಡಿದಿರುವ ಜಾಗವನ್ನು ಹೇಳುವ ‘ಆರ್‌ಎಸ್‌ಎಸ್’ ಅಂಕಿಗಳನ್ನು ಕೂಡಿಸಬೇಡಿ. ಪ್ರಾಸೆಸುಗಳು ಹಂಚಿಕೊಂಡ ಬಫರು (ಒಂದೇ ಮೆಮೊರಿ ಭಾಗ) ಪ್ರತಿ ಪ್ರಾಸೆಸಿನ ಲೆಕ್ಕದಲ್ಲೂ ಸೇರುವುದರಿಂದ ನನಗೆ 16 ಜಿಬಿ ಯಂತ್ರದಲ್ಲಿ 21 ಜಿಬಿ ಬಳಕೆ ಸಿಕ್ಕಿತ್ತು! ಹಂಚಿಕೆಯನ್ನು ಪಾಲು ಮಾಡಿ ತೋರಿಸುವ ‘ಪಿಎಸ್‌ಎಸ್’ ಅಂಕಿ ‘ಸ್ಮೆಮ್’ ಎಂಬ ಕಮಾಂಡಿನಲ್ಲಿ ಸಿಗುತ್ತದೆ. ‘ಟಾಪ್’ ಕಮಾಂಡಿನ ‘ವಿರ್ಟ್’ ಕಾಲಮ್ಮನ್ನಂತೂ ಮರೆತುಬಿಡಿ, ಅದು ನಿಜವಾಗಿ ಬಳಸಿದ ರ್‍ಯಾಮಿನ ಲೆಕ್ಕವಲ್ಲ.

ಮತ್ತೆ ಶಿರಸಿಯಿಂದ:
ಇಬ್ಬರಿಗೂ ಧನ್ಯವಾದಗಳು. ಇಂದಿನ ಟೆಂಡರಿನ ವೇಳೆ ‘ಅವೈಲಬಲ್’ 3.7 ಜಿಬಿ ಇತ್ತು, ‘ಎಸ್‌ಐ’, ‘ಎಸ್‌ಒ’ ಎರಡೂ ಸೊನ್ನೆ. ‘ಡಬ್ಲ್ಯುಎ’ ಮಾತ್ರ ಶೇ 40 ದಾಟಿತ್ತು. ಹುಡುಕಿದಾಗ, ರಾತ್ರಿ ಎರಡಕ್ಕೆ ನಡೆಯಬೇಕಾದ ಬ್ಯಾಕಪ್ಪನ್ನು ಯಾರೋ ಮಧ್ಯಾಹ್ನ ಎರಡಕ್ಕೆ ನಿಗದಿಪಡಿಸಿರುವುದು ಕಂಡುಬಂತು. ಕೊಟೇಶನ್ನನ್ನು ಸದ್ಯಕ್ಕೆ ತಡೆಹಿಡಿಸಿದ್ದೇನೆ.